ಪ್ರಶ್ನೋತ್ತರ: ನಾನು ಯಾವ ಸಭೆಯವಳು? ಸಭೆ ಯಾತಕ್ಕೆ?

ಪ್ರಶ್ನೆ: ನಮ್ಮ ಅಜ್ಜ ಬೀದರ್ ಜಿಲ್ಲೆಯವರು, ಮೆಥೋಡಿಸ್ಟ್ ಸಭೆಯವರು, ಅಂದರೆ ಆ ಚರ್ಚಿನವರು. ನಾನು ಹುಟ್ಟಿ ಓದಿದ್ದು ಪುಣೆಯಲ್ಲಿ, ಈಗ ಹಿಂಜವಡಿಯಲ್ಲಿ ಕೆಲಸ. ಯೇಸುವನ್ನು ನಂಬುತ್ತೇನೆ, ದಿನವೂ ಬೈಬಲ್ ಓದುತ್ತೇನೆ, ಭಾನುವಾರ ಮೊಬೈಲಿನಲ್ಲಿ ಒಳ್ಳೆಯ ಪ್ರಸಂಗ ಕೇಳುತ್ತೇನೆ. ಆದರೆ ಸಭೆಗೆ ಹೋಗುವುದನ್ನು ಬಿಟ್ಟಿದ್ದೇನೆ. ಹೋದರೆ ‘ನೀನು ಯಾರ ಪೈಕಿ’ ಎಂದು ಕೇಳುತ್ತಾರೆ. ಕಚೇರಿಯಲ್ಲಿ ‘ಕ್ರಿಶ್ಚಿಯನ್ನರೇ? ಹಾಗಾದರೆ ಗೋವಾದವರಿರಬೇಕು’ ಎನ್ನುತ್ತಾರೆ. ಎರಡೂ ಕಡೆ ನಾನು ಯಾರೆಂದು ವಿವರಿಸಿ ಸಾಕಾಗಿದೆ. ದೇವರಿಗೆ ನಾನು ಬೇಕು ಎಂಬ ನಂಬಿಕೆ ನನಗಿದೆ. ಸಭೆ ಏಕೆ ಬೇಕು?
— ಓದುಗರೊಬ್ಬರು, ಪಿಂಪ್ರಿ

ಉತ್ತರ: ‘ಯಾರ ಪೈಕಿ’ ಎಂಬುದನ್ನು ನಾನೂ ಕೇಳಿಸಿಕೊಂಡವಳು. ಧಾರವಾಡದ ಬಾಸೆಲ್ ಮಿಷನ್ ಮನೆತನದಿಂದ ಪುಣೆಯ ಖಡಕಿಗೆ ಸೊಸೆಯಾಗಿ ಬಂದಾಗ ಸಭೆಯ ಹೆಂಗಸರು ನನ್ನ ಹೆಸರಿಗಿಂತ ಮೊದಲು ವಿಚಾರಿಸಿದ್ದು ಅದನ್ನೇ. ಊರು ಬಿಟ್ಟು ಬಂದವರು ಊರಿನ ಎಳೆ ಹುಡುಕುವುದು ಸಹಜ, ಅದಕ್ಕೆ ಮುನಿಸಿಕೊಳ್ಳಬೇಡಿ. ಆದರೆ ಆ ಪ್ರಶ್ನೆಗೆ ನಾವು ಕೊಡುವ ಉತ್ತರ ಎಷ್ಟು ತೆಳ್ಳಗಿನದು ಎಂಬುದು ನಿಮಗೆ ತಿಳಿದಿರಲಿ.

ಹತ್ತೊಂಬತ್ತನೆಯ ಶತಮಾನದಲ್ಲಿ ಕನ್ನಡ ನಾಡಿಗೆ ಬಂದ ಪ್ರೊಟೆಸ್ಟಂಟ್ ಮಿಷನ್ ಸಂಘಗಳು ಬಹುಮಟ್ಟಿಗೆ ಸೀಮೆ ಹಂಚಿಕೊಂಡು ಕೆಲಸ ಮಾಡಿದವು. ಬಳ್ಳಾರಿಗೆ 1810ರಲ್ಲಿ ಲಂಡನ್ ಮಿಷನ್ ಬಂತು. ಮಂಗಳೂರಿಗೆ 1834ರಲ್ಲಿ ಬಾಸೆಲ್ ಮಿಷನ್ ಬಂದು ಕೆಲವೇ ವರ್ಷಗಳಲ್ಲಿ ಧಾರವಾಡ, ಹುಬ್ಬಳ್ಳಿಗೆ ಹಬ್ಬಿತು. ಮೈಸೂರು ಸೀಮೆಯಲ್ಲಿ ಇಂಗ್ಲೆಂಡಿನ ವೆಸ್ಲಿಯನ್ ಮೆಥೋಡಿಸ್ಟರು, ಬೀದರ್ ಕಡೆ ಅಮೆರಿಕದ ಮೆಥೋಡಿಸ್ಟರು. ಬೆಳಗಾವಿಯಲ್ಲಿ ಮೊದಲಿದ್ದದ್ದು ಲಂಡನ್ ಮಿಷನ್. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆ ಕ್ಷೇತ್ರ ಮೆಥೋಡಿಸ್ಟರ ಕೈಗೆ ಹೋಯಿತು. ಅಲ್ಲಿನ ವಿಶ್ವಾಸಿಗಳ ಊರು ಬದಲಾಗಲಿಲ್ಲ, ಮನೆ ಬದಲಾಗಲಿಲ್ಲ, ಸಭೆಯ ಹೆಸರು ಬದಲಾಯಿತು. 1947ರ ಸೆಪ್ಟೆಂಬರ್ 27ರಂದು ಹಲವು ಸಭೆಗಳು ಒಂದಾಗಿ ದಕ್ಷಿಣ ಭಾರತ ಸಭೆ ಹುಟ್ಟಿದಾಗ ಅಮೆರಿಕ ಮೂಲದ ಮೆಥೋಡಿಸ್ಟರು ಹೊರಗುಳಿದರು. 1970ರ ನವೆಂಬರ್ 29ರಂದು ನಾಗಪುರದಲ್ಲಿ ಉತ್ತರ ಭಾರತ ಸಭೆ ಹುಟ್ಟಿದಾಗಲೂ ಅವರು ಸೇರಲಿಲ್ಲ. ಈ ತೀರ್ಮಾನಗಳಲ್ಲಿ ಯಾವುದಕ್ಕೂ ಬೀದರಿನ ಹಳ್ಳಿಯಲ್ಲಿದ್ದ ನಿಮ್ಮ ಅಜ್ಜನ ಅಭಿಪ್ರಾಯವನ್ನು ಯಾರೂ ಕೇಳಿರಲಾರರು. ಅವರು ಮೆಥೋಡಿಸ್ಟರಾದದ್ದು ಆ ಪಂಥದ ಮೂಲಪುರುಷ ಜಾನ್ ವೆಸ್ಲಿಯ ಬೋಧನೆಯನ್ನು ತೂಗಿ ನೋಡಿ ಅಲ್ಲ, ಅವರ ಹಳ್ಳಿ ಆ ಮಿಷನ್ನಿನ ಪಾಲಿಗೆ ಬಂದಿತ್ತು ಎಂಬ ಕಾರಣಕ್ಕೆ.

ಆ ಹೆಸರುಗಳನ್ನು ನಾನು ಹಗುರ ಮಾಡುತ್ತಿಲ್ಲ. ಅವುಗಳ ಶಾಲೆ, ಆಸ್ಪತ್ರೆ, ಕೀರ್ತನೆಗಳು ನಮ್ಮನ್ನು ಸಾಕಿವೆ. 1894ರಲ್ಲಿ ಕಿಟ್ಟೆಲ್ ಅವರ ಕನ್ನಡ ನಿಘಂಟನ್ನು ಅಚ್ಚು ಹಾಕಿದ್ದು ಬಾಸೆಲ್ ಮಿಷನ್ನಿನ ಮಂಗಳೂರು ಮುದ್ರಣಾಲಯ ಎಂದು ಹೇಳುವಾಗ ನನ್ನ ಎದೆಯೂ ಉಬ್ಬುತ್ತದೆ. ಆದರೆ ಎದೆ ಉಬ್ಬುವುದು ಬೇರೆ, ದೇವರ ಮುಂದೆ ನಾನು ಯಾರು ಎಂಬುದು ಬೇರೆ.

ಅದನ್ನು ತಿಳಿಯಲು ಬೈಬಲಿನಲ್ಲಿ ಬರುವ ಸಿರಿಯದ ಅಂತಿಯೋಕ್ಯ ಪಟ್ಟಣಕ್ಕೆ ಹೋಗಬೇಕು. ಯೇಸುವಿನ ಹೆಸರಿಗಾಗಿ ಮೊದಲು ಪ್ರಾಣ ತೆತ್ತ ಸ್ತೆಫನನನ್ನು ಕೊಂದ ಮೇಲೆ ಎದ್ದ ಹಿಂಸೆಯಿಂದ ಚದರಿದ ವಿಶ್ವಾಸಿಗಳಲ್ಲಿ ಕೆಲವರು ಆ ದೊಡ್ಡ ಪಟ್ಟಣ ಸೇರಿ, ಯೆಹೂದ್ಯರಿಗೆ ಮಾತ್ರವಲ್ಲದೆ ಗ್ರೀಕರಿಗೂ ಯೇಸುವಿನ ಸುವಾರ್ತೆ ಸಾರಿದರು. ಸಾರಿದ್ದಷ್ಟೇ ಆಗಿದ್ದರೆ ಊರು ಗಮನಿಸುತ್ತಿರಲಿಲ್ಲವೇನೋ. ಅವರು ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣತೊಡಗಿದರು. ಶಿಷ್ಯರನ್ನು ಮೊದಲ ಸಲ ಕ್ರೈಸ್ತರೆಂದು ಕರೆದದ್ದು ಆ ಊರಿನಲ್ಲಿಯೇ. ಯೆಹೂದ್ಯರ ಲೆಕ್ಕಕ್ಕೂ ಸೇರದ, ಗ್ರೀಕರ ಲೆಕ್ಕಕ್ಕೂ ಸೇರದ ಒಂದು ಗುಂಪು ಕಣ್ಣಿಗೆ ಬಿದ್ದುದರಿಂದಲೇ ಊರಿಗೆ ಹೊಸ ಹೆಸರು ಬೇಕಾಯಿತು ಎಂದು ನಾನು ತಿಳಿಯುತ್ತೇನೆ. ಅದೇ ಊರಿನಲ್ಲಿ, ಯೆರೂಸಲೇಮಿನಿಂದ ಕೆಲವರು ಬಂದಾಗ ಪೇತ್ರನು ಹೆದರಿ ಅನ್ಯಜನರ, ಅಂದರೆ ಯೆಹೂದ್ಯರಲ್ಲದವರ, ಪಂಕ್ತಿಯಿಂದ ಎದ್ದುಹೋದ. ಪೌಲನು ಅವನನ್ನು ಎಲ್ಲರೆದುರಿಗೆ ಗದರಿಸಿದ. ಗಲಾತ್ಯದವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯವನ್ನು ಇಂದು ರಾತ್ರಿ ಓದಿ. ಅಪೊಸ್ತಲರಲ್ಲಿ ಹಿರಿಯನಾದವನು ಪಂಕ್ತಿಭೇದ ಮಾಡಿದ್ದನ್ನು ಪೌಲನು ಶಿಷ್ಟಾಚಾರದ ತಪ್ಪು ಎನ್ನಲಿಲ್ಲ, ಸುವಾರ್ತೆಯ ಸತ್ಯಕ್ಕೆ ಸರಿಯಾಗಿ ನಡೆಯಲಿಲ್ಲ ಎಂದ.

ಊಟದ ಪಂಕ್ತಿಗೂ ಸುವಾರ್ತೆಗೂ ಏನು ಸಂಬಂಧ? ಅಲ್ಲಿಯೇ ನಿಮ್ಮ ಪ್ರಶ್ನೆಯ ಉತ್ತರವಿದೆ. ಭೂಮಿಯ ಎಲ್ಲ ಕುಲಗಳಿಗೂ ನಿನ್ನ ಮೂಲಕ ಆಶೀರ್ವಾದ ಎಂದು ದೇವರು ಯೆಹೂದ್ಯರ ಮೂಲಪುರುಷ ಅಬ್ರಹಾಮನಿಗೆ ಮಾತು ಕೊಟ್ಟಿದ್ದ. ಆ ಮಾತು ನೆರವೇರಿದ್ದು ಕಣ್ಣಿಗೆ ಕಾಣಬೇಕಾದರೆ ಒಬ್ಬೊಬ್ಬರಾಗಿ ರಕ್ಷಣೆ ಹೊಂದಿ ಅವರವರ ಮನೆಯಲ್ಲಿ ಉಳಿದ ಭಕ್ತರು ಸಾಲುವುದಿಲ್ಲ. ಒಂದು ಜನ ಬೇಕು. ಯೆರೂಸಲೇಮಿನ ದೇವಾಲಯದಲ್ಲಿ ಅನ್ಯಜನರು ಇದನ್ನು ದಾಟಬಾರದು, ದಾಟಿ ಸಿಕ್ಕಿಬಿದ್ದವನ ಸಾವಿಗೆ ಅವನೇ ಹೊಣೆ ಎಂದು ಗ್ರೀಕ್ ಭಾಷೆಯಲ್ಲಿ ಕೆತ್ತಿದ ಕಲ್ಲುಗಳಿದ್ದವು. 1871ರಲ್ಲಿ ಅಂಥ ಒಂದು ಕಲ್ಲು ಇಡಿಯಾಗಿ ಸಿಕ್ಕಿತು. ಅದು ಈಗ ಇಸ್ತಾಂಬುಲಿನ ವಸ್ತುಸಂಗ್ರಹಾಲಯದಲ್ಲಿದೆ. ಎಫೆಸದವರಿಗೆ ಬರೆದ ಪತ್ರದಲ್ಲಿ ಕ್ರಿಸ್ತನು ನಡುಗೋಡೆಯನ್ನು ಕೆಡವಿ ಎರಡು ಪಂಗಡಗಳನ್ನು ಒಂದು ಮಾಡಿದ ಎಂದು ಓದುವಾಗ ನನಗೆ ಆ ಕಲ್ಲು ಕಣ್ಣೆದುರು ಬರುತ್ತದೆ. ಅದೇ ಪತ್ರದ ಮೂರನೆಯ ಅಧ್ಯಾಯದಲ್ಲಿ ಇನ್ನೂ ದೊಡ್ಡ ಮಾತಿದೆ: ದೇವರ ನಾನಾ ವಿಧವಾದ ಜ್ಞಾನವು ಪರಲೋಕದ ಅಧಿಕಾರಗಳಿಗೂ ಸಭೆಯ ಮೂಲಕವೇ ಗೊತ್ತಾಗಬೇಕೆಂಬುದು ಅವನ ಸಂಕಲ್ಪ. ಪ್ರಸಂಗದ ಮೂಲಕ ಎಂದಿಲ್ಲ, ಕಟ್ಟಡದ ಮೂಲಕ ಎಂದಿಲ್ಲ. ನಿನ್ನೆಯವರೆಗೆ ಒಬ್ಬರ ಮನೆಯ ನೀರನ್ನು ಒಬ್ಬರು ಕುಡಿಯದಿದ್ದವರು ಇಂದು ಒಂದೇ ರೊಟ್ಟಿ ಮುರಿಯುತ್ತಿದ್ದಾರೆ ಎಂಬುದನ್ನು ನೋಡಿ ದೇವದೂತರು ದೇವರ ಜ್ಞಾನವನ್ನು ಕಲಿಯಬೇಕು. ಈ ಒಂದು ವಾಕ್ಯಕ್ಕಾಗಿ ನಾನು ಈ ವಯಸ್ಸಿನಲ್ಲಿಯೂ ಭಾನುವಾರ ಬೆಳಗ್ಗೆ ಮೊಣಕಾಲು ನೋವನ್ನು ಲೆಕ್ಕಿಸದೆ ಹೊರಡುತ್ತೇನೆ.

ಮೊಬೈಲಿನ ಪ್ರಸಂಗ ಒಳ್ಳೆಯದೇ ಇರಬಹುದು, ಕೇಳಿ. ಆದರೆ ಅದರಲ್ಲಿ ಬೋಧಕರನ್ನು ನೀವು ಆರಿಸುತ್ತೀರಿ, ಬೇಸರವಾದರೆ ನಿಲ್ಲಿಸುತ್ತೀರಿ. ನೀವು ಆರಿಸದ ಒಬ್ಬರೂ ನಿಮ್ಮ ಪಕ್ಕಕ್ಕೆ ಬಂದು ಕೂರುವುದಿಲ್ಲ. ಸಭೆಯಲ್ಲಿ ನಿಮ್ಮ ಪಕ್ಕ ಕೂರುವವರನ್ನು ಕ್ರಿಸ್ತನು ಆರಿಸಿದ್ದಾನೆ. ಭೋಸರಿಯ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದವನು ಪ್ರಸಂಗದ ಹೊತ್ತಿಗೆ ತೂಕಡಿಸುತ್ತಾನೆ. ಕಲಬುರಗಿಯಿಂದ ಕಟ್ಟಡ ಕೆಲಸಕ್ಕೆ ಬಂದ ತಾಯಿಯ ಕೂಸು ಅಳುತ್ತದೆ. ‘ಯಾರ ಪೈಕಿ’ ಎಂದು ಕೇಳುವ ಅಜ್ಜಿಯೂ ಅಲ್ಲಿಯೇ ಇದ್ದಾಳೆ. ಇವರನ್ನು ಪ್ರೀತಿಸಲು ಕಲಿಯದೆ ಯೇಸುವಿನ ಮಾತನ್ನು ಪಾಲಿಸುವುದು ಹೇಗೆಂದು ನನಗೆ ತಿಳಿಯದು.

ನಮ್ಮ ಸಭೆಗಳಲ್ಲಿ ಪಂಕ್ತಿಭೇದ ಸತ್ತಿಲ್ಲ ಎಂಬುದನ್ನೂ ಬಲ್ಲೆ. ಸಂಬಂಧ ನೋಡುವಾಗ ಹಳೆಯ ಜಾತಿ ಎದ್ದು ಕೂರುತ್ತದೆ. ಜಾತಿ ನೋಡಿ ಮಕ್ಕಳ ಮದುವೆ ಮಾಡುವ ಸಭಾ ಹಿರಿಯರು ಕರ್ತನ ಮೇಜಿನಲ್ಲಿ ಸೇವೆ ಮಾಡುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಅದನ್ನು ಅವರ ಮುಖಕ್ಕೇ ಹೇಳಿದ್ದೇನೆ. ಹಾಗೆಂದು ಎದ್ದುಹೋದರೆ ಹೇಳುವವರು ಯಾರು? ಪೇತ್ರ ತಪ್ಪಿದನೆಂದು ಪೌಲನು ಅಂತಿಯೋಕ್ಯದ ಸಭೆಯನ್ನು ಬಿಟ್ಟು ಮನೆಗೆ ಹೋಗಲಿಲ್ಲ.

ನೀವು ಪುಣೆಯಲ್ಲೇ ಇರುವುದರಿಂದ ಒಂದು ಕೆಲಸ ಹೇಳುತ್ತೇನೆ. ದೌಂಡ್ ಕಡೆಯ ರೈಲು ಹತ್ತಿ ಕೇಡಗಾಂವ್‌ನಲ್ಲಿ ಇಳಿಯಿರಿ. ಪಂಡಿತಾ ರಮಾಬಾಯಿಯವರ ಮುಕ್ತಿ ಮಿಷನ್ ಅಲ್ಲಿದೆ. 1858ರಲ್ಲಿ ಅವರು ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಹೆಂಡತಿಗೂ ಸಂಸ್ಕೃತ ಕಲಿಸಿ ಊರಿನ ವಿರೋಧ ಕಟ್ಟಿಕೊಂಡ ಪಂಡಿತರು. ಬರದ ಕಾಲದಲ್ಲಿ ತಂದೆತಾಯಿಯನ್ನು ಕಳೆದುಕೊಂಡು, ದೇಶವೆಲ್ಲ ನಡೆದು, ಚಿಕ್ಕ ವಯಸ್ಸಿಗೇ ವಿಧವೆಯಾಗಿ, 1883ರಲ್ಲಿ ಇಂಗ್ಲೆಂಡಿನಲ್ಲಿ ಮಗಳೊಂದಿಗೆ ದೀಕ್ಷಾಸ್ನಾನ ಪಡೆದರು. ತಮ್ಮನ್ನು ಸಾಕಿದ ಆಂಗ್ಲಿಕನ್ ಸನ್ಯಾಸಿನಿಯರಿಗೆ ಅವರು ಬರೆದ ಪತ್ರಗಳಲ್ಲಿ ಒಂದು ನಿಲುವು ಸ್ಪಷ್ಟವಾಗಿದೆ: ತಾವು ಕ್ರಿಸ್ತನ ಸಭೆಗೆ ಸೇರಿದವರು, ಆದರೆ ಪಾದ್ರಿಗಳ ಬಾಯಿಂದ ಬಂದದ್ದನ್ನೆಲ್ಲ ಒಪ್ಪಬೇಕಾದವರಲ್ಲ. ಆ ಮಾತಿನ ಎರಡನೆಯ ಅರ್ಧವನ್ನು ಹಿಡಿದುಕೊಂಡು ಅವರನ್ನು ಸಭೆ ಬೇಡವೆಂದವರ ಸಾಲಿಗೆ ಸೇರಿಸುವವರಿದ್ದಾರೆ. ಮೊದಲ ಅರ್ಧವನ್ನು ಅವರು ಬದುಕಿದ ಬಗೆಯನ್ನು ಕೇಡಗಾಂವ್‌ನಲ್ಲಿ ನೋಡಬೇಕು. 1896–97ರ ಬರದಲ್ಲಿ ಮಧ್ಯಪ್ರಾಂತ್ಯಕ್ಕೆ ಹೋಗಿ ಹಸಿದ ಹುಡುಗಿಯರನ್ನು ಕರೆತಂದರು, 1900ರಲ್ಲಿ ಗುಜರಾತಿನ ಬರದಿಂದ ಮತ್ತಷ್ಟು ಜನ ಬಂದರು. ಯಾವ ಜಾತಿ ಎಂದು ಕೇಳದೆ ಉಣಿಸಿದರು. ಬ್ರಾಹ್ಮಣ ಪಂಡಿತನ ಮಗಳು ಸಾವಿರಕ್ಕೂ ಹೆಚ್ಚು ಜನರ ನಡುವೆ ಬಾಳಿದಳು. ಹೀಬ್ರೂ, ಗ್ರೀಕ್ ಕಲಿತು ಬೈಬಲನ್ನು ಮರಾಠಿಗೆ ತಂದರು, ಅದನ್ನು ಅಲ್ಲಿನ ಮುದ್ರಣಾಲಯದಲ್ಲಿ ಅಚ್ಚು ಹಾಕಿದವರು ಅದೇ ಹೆಣ್ಣುಮಕ್ಕಳು. ಅನುವಾದದ ಕೆಲಸ ಮುಗಿಸಿ 1922ರಲ್ಲಿ ತೀರಿಕೊಂಡರು. ಅವರು ಕನ್ನಡ ನೆಲದವರೇ, ಮರಾಠಿಯವರೇ, ಆಂಗ್ಲಿಕನ್ನರೇ? ಆ ಹುಡುಗಿಯರಲ್ಲಿ ಯಾರಿಗೂ ಅದು ಮುಖ್ಯವಾಗಿರಲಾರದು.

ಮುಂದಿನ ಭಾನುವಾರ ಮನೆಗೆ ಹತ್ತಿರದ ಸಭೆಗೆ ಹೋಗಿ. ಕನ್ನಡದ್ದಾದರೆ ಸಂತೋಷ, ಮರಾಠಿಯದ್ದಾದರೂ ಅಡ್ಡಿಯಿಲ್ಲ. ‘ಯಾರ ಪೈಕಿ’ ಎಂದು ಕೇಳಿದರೆ ಅಜ್ಜನ ಊರಿನ ಹೆಸರು ಪ್ರೀತಿಯಿಂದ ಹೇಳಿ, ನಂತರ ಕೇಳಿದವರ ಊರಿನ ಕಥೆಯನ್ನೂ ಕೇಳಿ.

ಪ್ರಶ್ನೆ: ನಮ್ಮ ಕನ್ನಡ ಆರಾಧನೆಗೆ ಈಗ ಮುದುಕರು ಮಾತ್ರ ಬರುತ್ತಾರೆ. ಮಕ್ಕಳಿಗೆ ಇಂಗ್ಲಿಷ್ ಬೇಕು. ಹಿಂದೆ ಇದೇ ಸಭೆ ಊರಿನಿಂದ ಬಂದವರಿಗೆ ಕೋಣೆ ಹುಡುಕಿ ಕೊಡುತ್ತಿತ್ತು, ಕೆಲಸ ಹಚ್ಚುತ್ತಿತ್ತು. ಕನ್ನಡ ಉಳಿಸುವುದಕ್ಕಾದರೂ ಆರಾಧನೆಯನ್ನು ಮುಂದುವರಿಸಬೇಕು ಎಂಬುದು ನನ್ನ ವಾದ. ಸರಿಯೇ?
— ಹಿರಿಯ ಓದುಗರು, ಡೊಂಬಿವಲಿ

ಉತ್ತರ: ಮುಂದುವರಿಸಿ, ಆದರೆ ಆ ಕಾರಣಕ್ಕಲ್ಲ. ಕನ್ನಡ ಉಳಿಸಲು ಮಾಟುಂಗಾದ ಮೈಸೂರು ಅಸೋಸಿಯೇಷನ್‌ನಂಥ ಸಂಸ್ಥೆಗಳು ತಲೆಮಾರುಗಳಿಂದ ದುಡಿದಿವೆ. ಅವು ನಮಗಿಂತ ಚೆನ್ನಾಗಿ ಆ ಕೆಲಸ ಮಾಡುತ್ತವೆ. ಶಿಷ್ಯರ ಮೇಲೆ ಇಳಿದುಬಂದ ಪಂಚಾಶತ್ತಮ ದಿನದಲ್ಲಿ ಪವಿತ್ರಾತ್ಮನು ಎಲ್ಲರಿಗೂ ಒಂದೇ ಭಾಷೆ ಹೇರಲಿಲ್ಲ. ಪ್ರತಿಯೊಬ್ಬರೂ ತಮ್ಮ ತಮ್ಮ ಹುಟ್ಟುಭಾಷೆಯಲ್ಲಿ ದೇವರ ಮಹತ್ಕಾರ್ಯಗಳನ್ನು ಕೇಳಿದರು. ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯ ಏಳನೆಯ ಅಧ್ಯಾಯದಲ್ಲಿ ದೇವರ ಸಿಂಹಾಸನದ ಮುಂದೆ ನಿಂತವರೂ ಸಕಲ ಭಾಷೆಗಳವರೇ. ಆದ್ದರಿಂದ ಕನ್ನಡದಲ್ಲಿ ಹಾಡುವುದು ದೇವರಿಗೆ ಪ್ರಿಯ. ಆದರೆ ಭಾಷೆಯನ್ನು ಕಾಯುವುದು ಸಭೆಯ ಗುರಿಯಾದರೆ, ಭಾಷೆ ಬಾರದವನು ಬಾಗಿಲಲ್ಲೇ ನಿಲ್ಲುತ್ತಾನೆ. ಹಾಗೆ ನಿಂತವರು ನಿಮ್ಮ ಮೊಮ್ಮಕ್ಕಳು.

ಯೆರೂಸಲೇಮಿನ ಮೊದಲ ಸಭೆಯಲ್ಲೇ ಭಾಷೆಯ ಜಗಳವಿತ್ತು. ದಿನದ ಉಪಚಾರದಲ್ಲಿ ಗ್ರೀಕ್ ಮಾತನಾಡುವ ವಿಧವೆಯರನ್ನು ಕಡೆಗಣಿಸುತ್ತಿದ್ದಾರೆ ಎಂಬ ದೂರು ಬಂತು. ಅದನ್ನು ಬಗೆಹರಿಸಲು ಆರಿಸಿದ ಏಳು ಮಂದಿಯ ಹೆಸರು ಓದಿ ನೋಡಿ: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರುಗಳು. ದೂರು ಕೊಟ್ಟ ಕಡೆಯವರ ಕೈಗೇ ಬಡಿಸುವ ಸೌಟು ಕೊಟ್ಟರು. ನಿಮ್ಮ ಸಭೆಯ ಸಮಿತಿಯಲ್ಲಿ ಇಂಗ್ಲಿಷ್ ಬೇಕೆನ್ನುವ ಯುವಕರು ಎಷ್ಟು ಮಂದಿ ಇದ್ದಾರೆ? ಮೊದಲು ಅವರನ್ನು ಸೇರಿಸಿಕೊಳ್ಳಿ. ಇನ್ನು ಊರಿನಿಂದ ಬಂದವರಿಗೆ ಕೋಣೆ ಹುಡುಕುವ ಕೆಲಸ ಏಕೆ ನಿಂತಿತು? ವಿಜಯಪುರ, ಯಾದಗಿರಿಯಿಂದ ಜನ ಇಂದಿಗೂ ಕಲ್ಯಾಣದಲ್ಲಿ ರೈಲು ಇಳಿಯುತ್ತಿದ್ದಾರೆ. ಅವರಿಗೆ ಕನ್ನಡವೇ ಬೇಕು.

ಪ್ರಶ್ನೆ: ನಾವು ಮೂಲತಃ ಪರಿಶಿಷ್ಟ ಜಾತಿಯವರು. ತಂದೆಯ ಕಾಲದಲ್ಲಿ ಕ್ರೈಸ್ತರಾದೆವು. ಮಗನ ಕಾಲೇಜಿನ ಅರ್ಜಿಯಲ್ಲಿ ಧರ್ಮ ‘ಕ್ರೈಸ್ತ’ ಎಂದು ಬರೆದರೆ ಸವಲತ್ತು ಹೋಗುತ್ತದೆ, ಶುಲ್ಕ ಕಟ್ಟುವ ಶಕ್ತಿ ನಮಗಿಲ್ಲ. ಸಂಬಂಧಿಕರು ‘ಮನಸ್ಸಿನಲ್ಲಿ ಯೇಸು ಇದ್ದರೆ ಸಾಕು, ಕಾಗದದಲ್ಲಿ ಬೇರೆ ಬರೆ’ ಎನ್ನುತ್ತಾರೆ. ಏನು ಮಾಡಲಿ?
— ತಾಯಿಯೊಬ್ಬರು, ಯೆರವಡಾ

ಉತ್ತರ: ತಾಯಿ, ನಿಮ್ಮ ಪತ್ರ ಓದಿ ನನಗೆ ನಿದ್ದೆ ಬರಲಿಲ್ಲ. ಮೊದಲು ಕಾನೂನು ಹೇಳುತ್ತೇನೆ. 1950ರ ಸಂವಿಧಾನ ಪರಿಶಿಷ್ಟ ಜಾತಿಗಳ ಆದೇಶದ ಮೂರನೆಯ ಪ್ಯಾರಾ ಈ ಸ್ಥಾನವನ್ನು ಹಿಂದೂಗಳಿಗೆ ಸೀಮಿತ ಮಾಡಿತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿದರು. ಕ್ರೈಸ್ತರೂ ಮುಸ್ಲಿಮರೂ ಹೊರಗುಳಿದರು. ಇದನ್ನು ಪ್ರಶ್ನಿಸಿ 2004ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹೋಯಿತು. 2022ರಲ್ಲಿ ಕೇಂದ್ರ ಸರ್ಕಾರ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ. ಜಿ. ಬಾಲಕೃಷ್ಣನ್ ಅವರ ಆಯೋಗವನ್ನು ನೇಮಿಸಿತು. ದೀಕ್ಷಾಸ್ನಾನವಾದ ಮಾತ್ರಕ್ಕೆ ಕೇರಿ ಬದಲಾಗಲಿಲ್ಲ, ಅವಮಾನ ನಿಲ್ಲಲಿಲ್ಲ. ಆದ್ದರಿಂದ ಈ ನಿಯಮ ಅನ್ಯಾಯದ್ದೆಂದೇ ನನ್ನ ಅಭಿಪ್ರಾಯ. ನಿಮ್ಮಂಥವರಿಗೆ ಹಿಂದುಳಿದ ವರ್ಗದ ಪಟ್ಟಿಯಲ್ಲಿ ಸ್ಥಾನವಿದೆಯೇ, ಅಲ್ಪಸಂಖ್ಯಾತರ ವಿದ್ಯಾರ್ಥಿವೇತನ ಸಿಗುತ್ತದೆಯೇ ಎಂಬುದನ್ನು ಸಮಾಜ ಕಲ್ಯಾಣ ಕಚೇರಿಯಲ್ಲಿ ಈ ವಾರವೇ ವಿಚಾರಿಸಿ.

ಅರ್ಜಿಯಲ್ಲಿ ಸತ್ಯ ಬರೆಯಿರಿ. ಇದನ್ನು ಹೇಳುವುದು ನನಗೆ ಸುಲಭ, ನಿಮಗೆ ಕಷ್ಟ ಎಂದು ಗೊತ್ತಿದ್ದೇ ಹೇಳುತ್ತೇನೆ. ಪೇತ್ರನು ತನ್ನ ಮೊದಲ ಪತ್ರವನ್ನು ಬರೆದದ್ದು ಪೊಂತ, ಗಲಾತ್ಯ, ಕಪ್ಪದೋಕ್ಯಗಳಲ್ಲಿ ಚದರಿ ಪರದೇಶಿಗಳಂತೆ ಬದುಕುತ್ತಿದ್ದ ವಿಶ್ವಾಸಿಗಳಿಗೆ. ಕ್ರೈಸ್ತರೆಂಬ ಕಾರಣಕ್ಕೇ ಅವರಿಗೆ ಬಾಧೆಯಿತ್ತು. ಹಿಂದೆ ನೀವು ಜನವೇ ಆಗಿರಲಿಲ್ಲ, ಈಗ ದೇವರ ಜನವಾಗಿದ್ದೀರಿ ಎಂದು ಅವನು ಅವರಿಗೆ ಬರೆದ. ಕೇರಿಯಲ್ಲಿ ಹುಟ್ಟಿದ ನಿಮ್ಮ ತಂದೆ ಆ ಮಾತನ್ನು ಮೊದಲ ಸಲ ಕೇಳಿದಾಗ ಅವರಿಗೆ ಏನಾಗಿರಬೇಕು! ಅವರು ಎದೆಯೆತ್ತಿ ಪಡೆದ ಹೆಸರನ್ನು ಮೊಮ್ಮಗ ಮುಚ್ಚಿಡುವಂತಾಗಬಾರದು.

ಆದರೆ ಇದು ನೀವು ಒಬ್ಬರೇ ಹೊರುವ ಭಾರವಲ್ಲ. ಸತ್ಯ ಬರೆದುದಕ್ಕೆ ನಿಮ್ಮ ಮಗ ತೆರಬೇಕಾದ ಶುಲ್ಕ ಸಭೆಯ ಲೆಕ್ಕಪುಸ್ತಕದಲ್ಲಿ ಬರಬೇಕು. ಯೆರೂಸಲೇಮಿನ ಬಡ ವಿಶ್ವಾಸಿಗಳಿಗಾಗಿ ಪೌಲನು ಮಕೆದೋನ್ಯ, ಅಖಾಯಗಳ ಸಭೆಗಳಿಂದ ಹಣ ಕೂಡಿಸಿ, ತಾನೇ ಹೊತ್ತುಕೊಂಡು ಹೋದ. ಅವನ ಪತ್ರಗಳಲ್ಲಿ ಆ ವಂತಿಗೆಯ ಮಾತು ಮತ್ತೆ ಮತ್ತೆ ಬರುತ್ತದೆ. ಗೋಪುರಕ್ಕೆ ಬಣ್ಣ ಹೊಡೆಸಲು, ಹೊಸ ಧ್ವನಿವರ್ಧಕ ತರಲು ನಮ್ಮ ಸಭೆಗಳಲ್ಲಿ ಹಣ ಕೂಡುತ್ತದೆ. ಒಬ್ಬ ಹುಡುಗನ ಕಾಲೇಜಿಗೆ ಕೂಡುವುದಿಲ್ಲ ಎಂದರೆ ಅಂಥ ಸಭೆ ತಾನು ಏಕಿದ್ದೇನೆಂಬುದನ್ನೇ ಮರೆತಿದೆ. ಈ ಪುಟವನ್ನು ನಿಮ್ಮ ಸಭಾಪಾಲಕರಿಗೆ ತೋರಿಸಿ. ಅವರು ಸುಮ್ಮನಿದ್ದರೆ ಪತ್ರಿಕೆಯ ಮೂಲಕ ನನಗೆ ಬರೆಯಿರಿ. ಖಡಕಿಯ ನಾವು ಕೆಲವು ಹೆಂಗಸರು ಮಾತಾಡಿಕೊಂಡಿದ್ದೇವೆ, ಮೊದಲ ವರ್ಷದ ಶುಲ್ಕಕ್ಕೆ ದಾರಿಯಾಗುತ್ತದೆ.

ಪ್ರಶ್ನೆ: ನಾವು ಕ್ರೈಸ್ತರಲ್ಲ. ಬಾಗಲಕೋಟೆ ಕಡೆಯವರು, ಇಲ್ಲಿ ಕೂಲಿ ಕೆಲಸ. ಪಕ್ಕದ ಮನೆಯವರ ಜೊತೆ ಪ್ರಾರ್ಥನೆಗೆ ಹೋಗಲು ಮನಸ್ಸಿದೆ. ದೀಕ್ಷಾಸ್ನಾನವಿಲ್ಲದವರು ಒಳಗೆ ಕೂರಬಹುದೇ? ಹಣ ಕೊಡಬೇಕೇ?
— ವಾಸ್ಕೋ, ಗೋವಾ

ಉತ್ತರ: ಕೂರಬಹುದು, ಮುಂದಿನ ಸಾಲಿನಲ್ಲೇ ಕೂರಬಹುದು. ಕೊರಿಂಥದ ಸಭೆಗೆ ಬರೆಯುವಾಗ ಪೌಲನು ನಂಬದವರೂ ಒಳಗೆ ಬಂದಿರುತ್ತಾರೆ ಎಂದೇ ಎಣಿಸಿ, ಅವರಿಗೆ ಅರ್ಥವಾಗುವಂತೆ ಮಾತನಾಡಿ ಎಂದು ಸಭೆಗೆ ತಾಕೀತು ಮಾಡಿದ. ಪವಿತ್ರ ಭೋಜನದ ರೊಟ್ಟಿ, ದ್ರಾಕ್ಷಾರಸ ಮಾತ್ರ ದೀಕ್ಷಾಸ್ನಾನ ಪಡೆದವರಿಗೆ. ಅದು ಎಲ್ಲರಿಗೂ ಹಂಚುವ ಪ್ರಸಾದವಲ್ಲ, ಆದ್ದರಿಂದ ಆ ಹೊತ್ತಿಗೆ ಕೂತಲ್ಲೇ ಇರಿ. ಯಾರೂ ತಪ್ಪು ತಿಳಿಯುವುದಿಲ್ಲ. ಹೆಸರು ಬದಲಿಸಿ, ಸಹಿ ಹಾಕಿ ಎಂದು ಯಾರೂ ನಿಮ್ಮನ್ನು ಒತ್ತಾಯಿಸುವಂತಿಲ್ಲ. ಪ್ರಾರ್ಥನೆಗೆ ಹಣವಿಲ್ಲ. ಕಾಣಿಕೆ ತಟ್ಟೆ ಬಂದಾಗ ಮನಸ್ಸಿದ್ದರೆ ಹಾಕಿ, ಇಲ್ಲದಿದ್ದರೆ ಮುಂದಕ್ಕೆ ಕೊಡಿ. ಪ್ರಾರ್ಥಿಸುತ್ತೇನೆಂದು ಹೇಳಿ ಯಾರಾದರೂ ಹಣ ಕೇಳಿದರೆ ಕೊಡಬೇಡಿ, ಆ ಸಭೆಯ ಹಿರಿಯರಿಗೆ ತಿಳಿಸಿ.